ಬರೆದವರು ಯಾವ ಕೈಯವರು?

ಪರದೆಯ ಮೇಲಿನ ಬೊಂಬೆ ಕೈ ಎತ್ತುವ ಮೊದಲು ಯಂತ್ರ ಒಂದೇ ಒಂದು ಪ್ರಶ್ನೆ ಕೇಳುತ್ತದೆ. ಬರೆದವರು ಯಾವ ಕೈಯವರು? ಅದರ ಕೆಳಗೆ ಎರಡು ಗುಂಡಿ, ಒಂದು ಎಡ, ಒಂದು ಬಲ. ಎರಡರಲ್ಲಿ ಒಂದನ್ನು ಒತ್ತುವವರೆಗೆ ಬೊಂಬೆ ಕೈ ಜೋತುಬಿಟ್ಟುಕೊಂಡು ನಿಂತೇ ಇರುತ್ತದೆ. ಗುರುಸಿದ್ಧಪ್ಪ ಈ ಪ್ರಶ್ನೆಗೆ ಉತ್ತರ ಹೇಳಲು ಅರೆಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಮಗಳು ಯಾವ ಕೈಯವಳು ಎಂದು ಹೆತ್ತ ತಂದೆಗೆ ಗೊತ್ತಿರುವುದಿಲ್ಲವೇ?

ಆದರೆ ಅದು ಆಮೇಲಿನ ಮಾತು. ಎಪ್ಪತ್ತು ದಾಟಿದ ಈ ಮನುಷ್ಯ ಆ ಯಂತ್ರದ ಮುಂದೆ ಹೇಗೆ ಬಂದು ಕೂತ ಎಂಬುದನ್ನು ಮೊದಲು ಹೇಳಬೇಕು.

ಗುರುಸಿದ್ಧಪ್ಪ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿ ಜೀವನ ಸವೆಸಿದವನು. ಕನ್ನಡದ ಮೊಳೆ ಜೋಡಿಸುವುದೆಂದರೆ ಹುಡುಗಾಟವಲ್ಲ. ಒತ್ತಕ್ಷರ, ಗುಣಿತ ಎಲ್ಲ ಸೇರಿ ಮರದ ಪೆಟ್ಟಿಗೆಯಲ್ಲಿ ನೂರಾರು ಗೂಡು. ಕಣ್ಣು ಬರೆದು ತಂದ ಕಾಪಿಯ ಮೇಲಿರಬೇಕು, ಕೈ ತಾನಾಗಿ ಗೂಡಿಗೆ ಹೋಗಬೇಕು. ಸಂಸ್ಕೃತದ ಮಂತ್ರ, ಮರಾಠಿ ಲಗ್ನಪತ್ರಿಕೆ, ಇಂಗ್ಲಿಷಿನ ನೋಟಿಸು, ಯಾವುದು ಬಂದರೂ ಅರ್ಥದ ಗೊಡವೆಗೆ ಹೋಗದೆ ಅವನು ಜೋಡಿಸುತ್ತಿದ್ದ. ಕಾಪಿಯಲ್ಲಿ ಇದ್ದದ್ದು ಇದ್ದ ಹಾಗೆ, ಇದೊಂದೇ ಅವನ ಶಾಸ್ತ್ರ. ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಒಬ್ಬ ನಿವೃತ್ತ ತಲಾಠಿ ತನ್ನ ಎಮ್ಮೆಯ ಮೇಲೆ ಬರೆದ ನೂರೆಂಟು ಪದ್ಯಗಳನ್ನು ತಂದಾಗ ಇಡೀ ಪ್ರೆಸ್ಸು ಬಿದ್ದು ಬಿದ್ದು ನಕ್ಕಿತ್ತು. ಗುರುಸಿದ್ಧಪ್ಪ ಮಾತ್ರ ಮುಖ ಬಿಗಿಹಿಡಿದು, ಒಂದು ಕೊಂಬನ್ನೂ ಬಿಡದೆ ಅಷ್ಟನ್ನೂ ಜೋಡಿಸಿಕೊಟ್ಟ. ಬರೆದವರದ್ದು ಬರೆದವರಿಗೆ, ನಡುವೆ ನಾನ್ಯಾರು ಎನ್ನುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ಶಿವಲೀಲಾ. ಹುಟ್ಟುತ್ತಲೇ ಕಿವಿ ಕೇಳುತ್ತಿರಲಿಲ್ಲ. ಹೆಂಡತಿ ನೀಲವ್ವ ಮಗಳ ಜೊತೆ ಕೈಸನ್ನೆಯಲ್ಲಿ ಹೇಗೋ ಸಂಸಾರ ನಡೆಸಿದಳು. ಗುರುಸಿದ್ಧಪ್ಪ ನೆಚ್ಚಿದ್ದು ಅಕ್ಷರವನ್ನು. ಸವೆದ ಮೊಳೆಗಳನ್ನು ಮನೆಗೆ ತಂದು, ಮಗಳ ಅಂಗೈಯಲ್ಲಿ ಇಟ್ಟು, ಐದನೆಯ ವರ್ಷಕ್ಕೇ ಓದು ಕಲಿಸಿದ. ಅಲ್ಲಿಂದ ಮುಂದೆ ತಂದೆ ಮಗಳ ಮಾತೆಲ್ಲ ಚೀಟಿಯಲ್ಲೇ. ಪ್ರೆಸ್ಸಿನ ಕತ್ತರಿಸಿ ಬಿಸಾಡಿದ ಕಾಗದದ ತುಂಡುಗಳು ಅವನ ಕಿಸೆಯಲ್ಲಿ ಸದಾ ಇರುತ್ತಿದ್ದವು. ಅವಳು ದೊಡ್ಡವಳಾದ ಮೇಲೆ ಒಮ್ಮೆ ಚೀಟಿಯಲ್ಲಿ ಕೇಳಿದ್ದಳು: ಅಪ್ಪಾ, ನೀನು ನಮ್ಮ ಸನ್ನೆ ಯಾಕೆ ಕಲಿಯಬಾರದು? ಅವನು ಕೆಳಗೆ ಬರೆದ: ನಮಗೆ ಬರಹವೇ ಸಾಕು. ಅವಳು ಇನ್ನೊಮ್ಮೆ ಕೇಳಲಿಲ್ಲ.

ಶಿವಲೀಲಾ ಧಾರವಾಡದ ಸನ್ನೆಲಿಪಿ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಮಾತಿಗೆ ಲಿಪಿ ಇರುವಂತೆ ಸನ್ನೆಗೂ ಒಂದು ಲಿಪಿ ಇದೆ. ತಲೆಗೆ ಒಂದು ವೃತ್ತ, ಮುಷ್ಟಿಗೆ ಒಂದು ಚೌಕ, ಚಾಚಿದ ಬೆರಳಿಗೆ ಒಂದು ಗೆರೆ. ಚೌಕ ಖಾಲಿ ಇದ್ದರೆ ಅಂಗೈ ಕಾಣುತ್ತಿದೆ ಎಂದು, ಕಪ್ಪು ತುಂಬಿದ್ದರೆ ಅಂಗೈಯ ಹಿಂಬದಿ ಎಂದು. ಕೈ ಎತ್ತ ಚಲಿಸಬೇಕು ಎಂಬುದಕ್ಕೆ ಬಾಣ, ಮೈಗೆ ತಾಗಬೇಕಾದಲ್ಲಿ ಒಂದು ಚುಕ್ಕಿ. ಕೇಂದ್ರದವರು ಕಟ್ಟುತ್ತಿದ್ದ ಯಂತ್ರದ ಕೆಲಸ ಇಷ್ಟೇ: ಆ ಚಿಹ್ನೆಗಳನ್ನು ಓದಿ, ಪರದೆಯ ಮೇಲೆ ಒಂದು ಬೊಂಬೆಯ ಕೈಯಿಂದ ಅದನ್ನು ಆಡಿಸುವುದು. ಹೇಳಿದಷ್ಟು ಸುಲಭವಲ್ಲ ಅದು. ಬರಹ ಹೇಳುವುದು ಕೈ ಎಲ್ಲಿಂದ ಹೊರಟಿತು, ಎಲ್ಲಿ ಮುಟ್ಟಿತು ಎಂದಷ್ಟೇ. ನಡುವಿನ ದಾರಿಯನ್ನು ಯಂತ್ರವೇ ಹುಡುಕಿಕೊಳ್ಳಬೇಕು. ಮೊಣಕೈ ಹಿಂದಕ್ಕೆ ಮಡಚುವುದಿಲ್ಲ, ಕೈ ಎದೆಯನ್ನು ತೂರಿಕೊಂಡು ಹೋಗುವುದಿಲ್ಲ ಎಂಬುದನ್ನೆಲ್ಲ ಅದಕ್ಕೆ ಕಲಿಸಬೇಕು. ಶಿವಲೀಲಾಳ ಕಾಲಕ್ಕೆ ಬೊಂಬೆ ನೀರು ಕುಡಿ ಎಂದು ಹೇಳಲು ಹೋಗಿ ತನ್ನ ಕಣ್ಣಿಗೆ ತಾನೇ ತಿವಿದುಕೊಳ್ಳುತ್ತಿತ್ತು.

ಅಷ್ಟರಲ್ಲಿ ಅವಳಿಗೆ ಕ್ಯಾನ್ಸರ್ ಎಂದು ತಿಳಿಯಿತು. ಮನೆಯಲ್ಲಿ ಗಂಡ ಈರಣ್ಣ, ಐದು ವರ್ಷದ ಮಗಳು ದಾನೇಶ್ವರಿ, ಎಲ್ಲರಿಗೂ ದಾನಿ. ಗಂಡನಿಗೂ ಕಿವಿ ಕೇಳದು, ಮಗುವಿಗೂ ಅಷ್ಟೇ. ನೀಲವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದಳು; ಗುರುಸಿದ್ಧಪ್ಪ ತನ್ನ ಬಾಡಿಗೆ ಕೋಣೆ ಬಿಟ್ಟು ಹುಬ್ಬಳ್ಳಿಯಲ್ಲೇ ಇದ್ದ ಮಗಳ ಮನೆಗೆ ಬಂದ. ಮಗುವಿಗಾಗಿ ವಿಡಿಯೊ ಮಾಡಿಡೋಣ ಎಂದು ಈರಣ್ಣ ಫೋನು ಹಿಡಿದರೆ ಶಿವಲೀಲಾ ಮುಖ ಮುಚ್ಚಿಕೊಂಡಳು. ಕೂದಲು ಉದುರಿತ್ತು, ಮುಖ ಬಾತಿತ್ತು. ದಾನಿಗೆ ಈ ಮುಖ ನೆನಪಿರುವುದು ಬೇಡ ಎಂದಳು. ಬದಲಿಗೆ ಹಾಸಿಗೆಯಲ್ಲೇ ಕೂತು ಒಂದು ದಪ್ಪ ನೋಟುಬುಕ್ಕಿನಲ್ಲಿ ಸನ್ನೆಲಿಪಿಯಲ್ಲಿ ಬರೆಯತೊಡಗಿದಳು. ಎಪ್ಪತ್ತೆರಡು ಪುಟ ಆಯಿತು. ಆ ಲಿಪಿ ಮನೆಯಲ್ಲಿ ಬೇರೆ ಯಾರಿಗೂ ಓದಲು ಬರುತ್ತಿರಲಿಲ್ಲ. ಮೊದಲನೆಯ ಪುಟದಲ್ಲಿ ಮಾತ್ರ ಕನ್ನಡದ ನಾಲ್ಕು ಸಾಲು: ಇದು ನನ್ನ ದಾನಿಗೆ. ಬೇರೆ ಯಾರೂ ತಮ್ಮ ಕೈಯಿಂದ ಇದನ್ನು ಅವಳಿಗೆ ಹೇಳಬಾರದು. ಕೈ ಬೇರೆಯಾದರೆ ದನಿ ಬೇರೆಯಾಗುತ್ತದೆ. ಬೊಂಬೆ ತಯಾರಾದ ಮೇಲೆ ಬೊಂಬೆ ಹೇಳಲಿ.

ಅವಳು ಹೋಗಿ ಮೂರು ವರ್ಷಕ್ಕೆ ಬೊಂಬೆ ತಯಾರಾಯಿತು. ಈರಣ್ಣ ಆ ದಿನ ತಾನು ಕೆಲಸ ಮಾಡುವ ಬೇಕರಿಯಿಂದ ಬಂದವನು ಮಾವನ ಕೈಗೆ ಒಂದು ಚೀಟಿ ಕೊಟ್ಟ. ದಾನಿಗೆ ಅವ್ವನ ಮುಖ ನೆನಪಿದೆ, ಅವ್ವ ಮಾತಾಡುತ್ತಿದ್ದ ರೀತಿ ಮರೆಯುತ್ತಿದೆ, ನಿನ್ನೆ ನನ್ನನ್ನು ಕೇಳಿದಳು, ನನಗೆ ತೋರಿಸಲು ಆಗಲಿಲ್ಲ, ಎಂದು ಬರೆದಿದ್ದ. ಗುರುಸಿದ್ಧಪ್ಪ ಅದನ್ನು ಎರಡು ಸಲ ಓದಿದ. ಮಾರನೆಯ ಬೆಳಿಗ್ಗೆ ನೋಟುಬುಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಧಾರವಾಡದ ಬಸ್ಸು ಹತ್ತಿದ.

ಕೇಂದ್ರದಲ್ಲಿ ಶಿವಲೀಲಾಳ ಜೊತೆ ಕೆಲಸ ಮಾಡಿದವರು ಯಾರೂ ಉಳಿದಿರಲಿಲ್ಲ. ಈಗ ಯಂತ್ರ ನೋಡಿಕೊಳ್ಳುತ್ತಿದ್ದವಳು ತಸ್ನೀಮ್ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕಿವಿ ಚೆನ್ನಾಗಿ ಕೇಳುತ್ತಿತ್ತು, ಸನ್ನೆಯೂ ಬರುತ್ತಿತ್ತು. ಅವಳು ಪುಟ ತಿರುವಿದಳು, ಮುಖ ಸಣ್ಣದಾಯಿತು.

"ಕಾಕಾ, ಹಾಸಿಗ್ಯಾಗ ಕುಂತು ಬರದಾರಲ್ರಿ, ಗೆರಿ ಎಲ್ಲಾ ಅಡ್ಡಾದಿಡ್ಡಿ ಆಗ್ಯಾವ. ಯಂತ್ರಕ್ಕ ಇದು ಓದಾಕ ಬರಂಗಿಲ್ಲ. ಒಂದೊಂದs ಚಿಹ್ನೆ ನೋಡಿ ಯಾರರ ಕೈಲೆ ಹಾಕಬೇಕು. ಅಷ್ಟು ಮಂದಿ ನಮ್ಮ ಹತ್ರ ಇಲ್ಲರಿ."

"ಚಿಹ್ನಿ ಎಷ್ಟು ಥರ ಅದಾವು?"

"ಆರುನೂರರ ಮ್ಯಾಲ ಅದಾವ್ರಿ."

ಗುರುಸಿದ್ಧಪ್ಪ ಎಷ್ಟೋ ದಿನಗಳ ಮೇಲೆ ನಕ್ಕ. "ಅಷ್ಟs ಏನು? ಆ ಗೂಡು ಎಲ್ಲೆಲ್ಲಿ ಅದಾವ ಒಮ್ಮೆ ತೋರಿಸಿಬಿಡ ತಂಗಿ. ಅರ್ಥ ನನಗ ಬ್ಯಾಡ. ಜೋಡಿಸೋದು ನನಗ ಬಿಡು."

ಹೀಗೆ ಅವನು ವಾರಕ್ಕೆ ಐದು ದಿನ ಧಾರವಾಡಕ್ಕೆ ಹೋಗತೊಡಗಿದ. ದಾನಿಯನ್ನು ಶಾಲೆಗೆ ಬಿಟ್ಟು ಬಸ್ಸು ಹತ್ತಿದರೆ ಮೂರು ಗಂಟೆಯ ಬಸ್ಸಿಗೆ ವಾಪಸು. ಹದಿನೈದು ದಿನದಲ್ಲಿ ಪರದೆಯ ಮೇಲಿನ ಗೂಡುಗಳೆಲ್ಲ ಅವನ ಬೆರಳಿಗೆ ಬಂದುಬಿಟ್ಟವು. ಕಾಪಿಯ ಮೇಲೆ ಕಣ್ಣು, ಗೂಡಿನ ಮೇಲೆ ಕೈ. ಮಗಳು ಏನು ಹೇಳಿದ್ದಾಳೆ ಎಂದು ಒಂದು ದಿನವೂ ಅವನು ಕೇಳಲಿಲ್ಲ. ಅದು ದಾನಿಯದ್ದು, ತನ್ನದಲ್ಲ. ಆದರೆ ಅವಳು ಪೆನ್ಸಿಲು ಒತ್ತಿದ ಕಡೆ ಕಾಗದ ತಗ್ಗಾಗಿದ್ದರೆ ಅಲ್ಲಿ ಬೆರಳಾಡಿಸುತ್ತಿದ್ದ. ತಸ್ನೀಮ್ ಅದನ್ನು ನೋಡಿಯೂ ನೋಡದವಳಂತೆ ಚಹಾ ತಂದಿಡುತ್ತಿದ್ದಳು.

ಮನೆಯಲ್ಲಿ ದಾನಿಯನ್ನು ಬೆಳೆಸುವ ಹೊಣೆ ಬಹುಮಟ್ಟಿಗೆ ಅವನದ್ದೇ. ಈರಣ್ಣ ನಸುಕಿಗೇ ಬೇಕರಿಗೆ ಹೋದರೆ ಮಧ್ಯಾಹ್ನ ಬಂದು ಸತ್ತ ಹಾಗೆ ಮಲಗುತ್ತಿದ್ದ. ಗುರುಸಿದ್ಧಪ್ಪ ರೊಟ್ಟಿ ಬಡಿಯುವುದನ್ನೂ ಕಲಿತಿದ್ದ, ಎರಡು ಜಡೆ ಹೆಣೆಯುವುದನ್ನೂ ಕಲಿತಿದ್ದ. ಅವನಿಗೆ ತಲೆನೋವಾಗಿದ್ದು ಒಂದೇ. ಹುಡುಗಿ ಊಟಕ್ಕೆ ಕೂತರೆ ರೊಟ್ಟಿಗೆ ಎಡಗೈ ಹಾಕುತ್ತಿದ್ದಳು. ಅವನು ಮಾತಿಲ್ಲದೆ ಅವಳ ಎಡಗೈ ಹಿಡಿದು ತೊಡೆಯ ಮೇಲಿಟ್ಟು, ರೊಟ್ಟಿಯನ್ನು ಬಲಗೈಗೆ ಕೊಡುತ್ತಿದ್ದ. ಅವಳು ಎರಡು ತುತ್ತು ಹಾಗೆ ತಿಂದು, ಅವನು ಪಲ್ಯ ತರಲು ಎದ್ದ ಕೂಡಲೇ ಕೈ ಬದಲಿಸುತ್ತಿದ್ದಳು. ನಾಳೆ ನಾಲ್ಕು ಜನರ ಎದುರು ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡರೆ ಬೈಸಿಕೊಳ್ಳುವವಳು ಇವಳೇ ಎಂದು ಅವನು ಮತ್ತೆ ಹಿಡಿಯುತ್ತಿದ್ದ. ಅದರಲ್ಲಿ ಅವನಿಗೆ ಸಿಟ್ಟೇನೂ ಇರಲಿಲ್ಲ.

ಎರಡು ತಿಂಗಳಿಗೆ ಎಪ್ಪತ್ತೆರಡೂ ಪುಟ ಮುಗಿಯಿತು. ಹತ್ತಿರ ಹತ್ತಿರ ಹದಿನಾರು ಸಾವಿರ ಚಿಹ್ನೆ. ಆ ದಿನ ತಸ್ನೀಮ್ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಒಂದು ಮಾತು ಕೇಳಬೇಕಾಗೇದ ಕಾಕಾ. ಇದರಾಗ ಮುಖ್ಯ ಕೆಲಸ ಎಲ್ಲಾ ಎಡಗೈಲೆ ಬಂದದ. ಅದಕ್ಕ ಎರಡು ಕಾರಣ ಇರ್ತಾವ. ಒಂದು, ಬರದವರು ಎಡಗೈಯವರು ಇರಬೇಕು. ಇಲ್ಲಾ, ಎದುರಿಗೆ ನಿಂತು ನೋಡಿದಂಗ ಬರದಿರಬೇಕು, ಕನ್ನಡ್ಯಾಗ ಕಂಡಂಗ. ಭಾಳ ಮಂದಿ ಹಂಗ ಬರೀತಾರ. ಹಂಗಿದ್ರ ಯಂತ್ರ ಎಲ್ಲಾ ತಿರುವಿ ಹಾಕ್ತದ. ನಿಮ್ಮ ಮಗಳು ಯಾವ ಕೈಯವ್ರು?"

"ಬಲಗೈನs," ಎಂದ ಗುರುಸಿದ್ಧಪ್ಪ. ಅವನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. "ಸಣ್ಣಾಕಿ ಇದ್ದಾಗ ಎಡಗೈ ರೂಢಿ ಇತ್ತು. ನಾನs ಬಿಡಿಸೀನಿ. ಉಣ್ಣೋದು, ಬರಿಯೋದು, ಎಲ್ಲಾ ಬಲಗೈಲೆ. ಅಕಿ ಪ್ರೆಸ್ಸಿನ್ಯಾಗ ಬೆಳದಾಕಿ ತಂಗಿ. ನಮ್ಮ ಮೊಳಿ ಎಲ್ಲಾ ತಿರುವು ಮುರುವು ಇರ್ತಾವಲ್ಲ, ಅದs ಕಣ್ಣಿಗೆ ರೂಢಿ ಆಗಿ ಹಂಗ ಬರದಾಳ."

"ಖರೆ ಹೌದಲ್ರಿ? ಅವರ ಮನಿಯವರಿಗೆ ಒಮ್ಮೆ ಕೇಳೂಣೇನು?"

"ನನ್ನ ಮಗಳs ಅಕಿ," ಎಂದ ಅವನು. ತಸ್ನೀಮ್ ಬಲ ಎಂಬ ಗುಂಡಿ ಒತ್ತಿದಳು. ಹದಿನಾರು ಸಾವಿರ ಚಿಹ್ನೆಗಳೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಿರುಗಿ ನಿಂತವು.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹಬ್ಬದ ಸಂಭ್ರಮ. ತಸ್ನೀಮ್ ಕೊಟ್ಟಿದ್ದ ಪರದೆಯನ್ನು ಗುರುಸಿದ್ಧಪ್ಪ ಗೋಡೆಗೆ ಆನಿಸಿ ನಿಲ್ಲಿಸಿದ, ಕಿಟಕಿಗೆ ಹೊದಿಕೆ ಕಟ್ಟಿ ಬೆಳಕು ಕಡಿಮೆ ಮಾಡಿದ. ಈರಣ್ಣ ಹೊಸ ಅಂಗಿ ಹಾಕಿಕೊಂಡು ಬಂದು ಚಾಪೆಯ ಮೇಲೆ ಕೂತ. ಅವನ ತೊಡೆಯ ಮೇಲೆ ದಾನಿ. ಅವ್ವ ಇವತ್ತು ನಿನ್ನ ಜೊತೆ ಮಾತಾಡುತ್ತಾಳೆ ಎಂದು ಅಪ್ಪ ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ.

ಬೊಂಬೆ ಬಂತು. ನೀಲಿ ಗೆರೆಯ ಸಾದಾ ಬೊಂಬೆ, ಮುಖಕ್ಕೆ ಎರಡು ಹುಬ್ಬು, ಒಂದು ಬಾಯಿ. ಆದರೆ ಕೈ ಮಾತ್ರ ನಿಜವಾದ ಕೈಯಂತೆ ಹಗುರಾಗಿ ಎದ್ದಿತು, ಹೊರಳಿತು, ಎದೆ ಮುಟ್ಟಿತು. ಗುರುಸಿದ್ಧಪ್ಪ ಪರದೆ ನೋಡುತ್ತಿರಲಿಲ್ಲ, ಮೊಮ್ಮಗಳ ಮುಖ ನೋಡುತ್ತಿದ್ದ. ದಾನಿ ಮೊದಲು ಮುಂದಕ್ಕೆ ಬಾಗಿದಳು. ಆಮೇಲೆ ಹಿಂದಕ್ಕೆ ಸರಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಏನೋ ಕೇಳಿದಳು. ಅವಳು ಅವನ ತೊಡೆಯಿಂದ ಇಳಿದು, ಬಾಗಿಲು ತೆರೆದು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಬೊಂಬೆ ಖಾಲಿ ಚಾಪೆಗೆ ಮಾತಾಡುತ್ತಲೇ ಇತ್ತು.

ಗುರುಸಿದ್ಧಪ್ಪ ಕಿಸೆಯಿಂದ ಚೀಟಿ ತೆಗೆದ. ಏನಂದಳು?

ಈರಣ್ಣ ಬರೆದುಕೊಟ್ಟ. ಇದು ಯಾರು ಎಂದು ಕೇಳಿದಳು.

ಯಾಕೆ?

ಈರಣ್ಣ ಪೆನ್ಸಿಲು ಎತ್ತಿಕೊಂಡ. ಒಂದೇ ಉಸಿರಿಗೆ ಬರೆದ. ಮಾವ, ಇದು ಬಲಗೈಯಲ್ಲಿ ಮಾತಾಡುತ್ತಿದೆ. ಶಿವಲೀಲಾ ಎಡಗೈಯವಳು. ಹನ್ನೊಂದು ವರ್ಷ ನಾನು ಆ ಎಡಗೈಯ ಮಾತು ಕೇಳಿದ್ದೇನೆ. ನಿಮಗೆ ಗೊತ್ತಿರಲಿಲ್ಲವೇ?

ಊಟ ಬಲಗೈಯಲ್ಲಿ ಮಾಡುತ್ತಿದ್ದಳಲ್ಲ, ಬರೆಯುತ್ತಿದ್ದುದೂ ಬಲಗೈಯಲ್ಲೇ, ಎಂದು ಬರೆಯುವಾಗ ಮುದುಕನ ಅಕ್ಷರ ಸೊಟ್ಟಗಾಯಿತು.

ಅದಕ್ಕೆ ಈರಣ್ಣ ಬರೆದದ್ದು ಇಷ್ಟು: ಊಟ ಬರಹ ನೀವು ಕಲಿಸಿದ್ದು. ಮಾತು ನೀವು ಕಲಿಸಿದ್ದಲ್ಲ.

ಗುರುಸಿದ್ಧಪ್ಪ ಆ ಚೀಟಿಯನ್ನು ಕಿಸೆಗೆ ಹಾಕಿಕೊಂಡು ಪರದೆಯನ್ನು ಆರಿಸಿದ. ಮೂವತ್ತೆಂಟು ವರ್ಷ ಬದುಕಿದ ಮಗಳು. ಅವಳು ಅವ್ವನ ಜೊತೆ, ಗೆಳತಿಯರ ಜೊತೆ, ಗಂಡನ ಜೊತೆ ಮಾತಾಡುವಾಗ ಅವನು ಅದೇ ಮನೆಯಲ್ಲಿ ಇದ್ದ. ಪತ್ರಿಕೆ ಓದುತ್ತಿದ್ದ, ಇಲ್ಲವೇ ಕನ್ನಡಕ ಒರೆಸುತ್ತಿದ್ದ. ಅವಳ ಮಾತು ತನ್ನ ಕಡೆ ಬಂದಾಗ ಚೀಟಿಯಾಗಿ ಬರುತ್ತಿತ್ತು. ಉಳಿದದ್ದನ್ನು ಅವನು ನೋಡಿಯೇ ಇರಲಿಲ್ಲ. ನೋಡದೆ ಇದ್ದದ್ದೂ ಅವನಿಗೆ ಈ ಹೊತ್ತಿನವರೆಗೆ ತಿಳಿದಿರಲಿಲ್ಲ.

ಸೋಮವಾರ ಅವನು ತಸ್ನೀಮಳ ಮುಂದೆ ಹೋಗಿ ನಿಂತ. ಬಸ್ಸಿನಲ್ಲಿ ಕೂತು ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದ ಮಾತೆಲ್ಲ ಬಾಗಿಲಲ್ಲೇ ಮರೆತುಹೋಯಿತು.

"ನಾ ತಪ್ಪು ಹೇಳಿದೆ ತಂಗಿ. ಎಡಗೈ ಅಂತ ಒತ್ತು."

ಅವಳು ಒತ್ತಿದಳು. ಎಲ್ಲ ಸರಿಯಾಗಿದೆಯೇ ಎಂದು ಈ ಸಲ ಇಡೀ ಪುಸ್ತಕವನ್ನು ಓಡಿಸಿ ನೋಡಬೇಕು ಎಂದು ಗುರುಸಿದ್ಧಪ್ಪನೇ ಹಟ ಹಿಡಿದ. ಮೊದಲ ಸಲ ಅವನು ಕಣ್ಣು ಬಿಟ್ಟು ನೋಡಿದ. ಎಡಗೈ ಮುಂದೆ ಹೋಗುತ್ತಿತ್ತು, ಬಲಗೈ ಅದಕ್ಕೆ ಆಸರೆ ಕೊಡುತ್ತಿತ್ತು. ಬೆರಳ ತುದಿಯಲ್ಲಿ ಒಂದು ಅವಸರ. ಇದೇ ಅವಸರವನ್ನು ಅವನು ಎಲ್ಲೋ ಕಂಡಿದ್ದ, ಅಡುಗೆಮನೆಯ ಬಾಗಿಲಲ್ಲಿ, ನೀಲವ್ವನ ಎದುರಿಗೆ, ಕಣ್ಣಂಚಿನಲ್ಲಿ. ಅರ್ಥ ಆಗದಿದ್ದರೂ ಅವನು ಮಗಳನ್ನು ಗುರುತು ಹಿಡಿದ. ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಅರವತ್ತೊಂದನೆಯ ಪುಟಕ್ಕೆ ಬಂದಾಗ ಬೊಂಬೆ ಒಂದು ಸನ್ನೆ ಮಾಡಿತು. ಬಲಗೈ ಬಂದು ಎಡಗೈಯ ಮಣಿಕಟ್ಟನ್ನು ಹಿಡಿಯಿತು. ಗುರುಸಿದ್ಧಪ್ಪನಿಗೆ ಖುಷಿಯಾಯಿತು. ದಾನಿ ದಿನಕ್ಕೆ ಹತ್ತು ಸಲ ತನ್ನನ್ನು ಕರೆಯುವಾಗ ಮಾಡುವ ಸನ್ನೆ ಅದು. ಅಜ್ಜ ಎನ್ನುವುದಕ್ಕೆ ಅವರಲ್ಲಿ ಹಾಗೆ ಇರಬೇಕು ಎಂದು ಅವನ ತಿಳಿವಳಿಕೆ.

"ಇದು ಗೊತ್ತು ನನಗ. ಅಜ್ಜ ಅಂತ, ಹೌದಲ್ಲ?"

ತಸ್ನೀಮ್ ಆ ತುಣುಕನ್ನು ಇನ್ನೊಮ್ಮೆ ಓಡಿಸಿದಳು. ಬೊಂಬೆ ಮತ್ತೆ ಮಣಿಕಟ್ಟು ಹಿಡಿಯಿತು. "ಅಜ್ಜ ಅನ್ನೋದು ಬ್ಯಾರೆ ಅದರಿ ಕಾಕಾ. ಇದು ನಿಮ್ಮ ಹೆಸರು. ಅವರೊಳಗ ಒಬ್ಬೊಬ್ಬರಿಗೂ ಒಂದೊಂದು ಸನ್ನೆ ಹೆಸರು ಇಡ್ತಾರ."

"ಯಾಕ ಹಿಂಗ ಇಟ್ಟಾರ?"

"ಅದs ಈ ಪುಟದಾಗ ಅದ," ಎಂದಳು ಅವಳು. "ಹೇಳಲೇನ್ರಿ?"

ಅವನು ತಲೆ ಆಡಿಸಿದ. ಅವಳು ಪುಟವನ್ನು ಮೊದಲಿಂದ ಓಡಿಸಿ, ಬೊಂಬೆಯ ಹಿಂದೆ ಹಿಂದೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. 

ದಾನಿ, ನಿನ್ನ ಅಜ್ಜನ ಹೆಸರು ಇಟ್ಟವಳು ನಾನು. ನನಗೆ ಆರು ವರ್ಷ. ಆ ವರ್ಷವೇ ನಮ್ಮಂಥವರ ಶಾಲೆಗೆ ಹೋಗಿದ್ದೆ. ಬೇಸಿಗೆ ರಜೆಗೆ ಮನೆಗೆ ಬರುವಾಗ ನನ್ನ ಹತ್ತಿರ ನಲವತ್ತು ಮಾತಿದ್ದವು. ಕೋಳಿ, ಬಸ್ಸು, ಮಳೆ, ಹಸಿವು, ನನ್ನ ಗೆಳತಿ. ಎಲ್ಲವನ್ನೂ ಅಪ್ಪನಿಗೆ ಹೇಳಬೇಕು ಎಂದು ಓಡಿ ಬಂದೆ. ಅಪ್ಪ ನನ್ನ ಎಡಗೈ ಹಿಡಿದ. ಬಟ್ಟೆಯ ಚೀಲವೊಂದನ್ನು ಕೈಗೆ ಹಾಕಿ, ಪ್ರೆಸ್ಸಿನಲ್ಲಿ ಪುಟ ಕಟ್ಟುವ ದಾರದಿಂದ ಮಣಿಕಟ್ಟಿಗೆ ಕಟ್ಟಿದ. ಎರಡು ತಿಂಗಳು. ನಾನು ಬಲಗೈಯಲ್ಲಿ ಉಣ್ಣಲು ಕಲಿತೆ. ಚೀಲದ ಒಳಗೆ ಕೋಳಿ ಎನ್ನುತ್ತಿದ್ದೆ, ಮಳೆ ಎನ್ನುತ್ತಿದ್ದೆ, ಯಾರಿಗೂ ಕಾಣುತ್ತಿರಲಿಲ್ಲ. ಶಾಲೆಗೆ ತಿರುಗಿ ಹೋದಾಗ ಗೆಳತಿ ಕೇಳಿದಳು, ನಿನ್ನ ಅಪ್ಪನ ಹೆಸರೇನು? ನಾನು ಹೀಗೆ ಮಾಡಿ ತೋರಿಸಿದೆ. ಆ ಹೆಸರೇ ನಿಂತಿತು. ಅವನು ಕೆಟ್ಟವನಲ್ಲ ದಾನಿ. ನನಗೆ ಓದು ಕಲಿಸಿದ್ದು ಅವನೇ. ಒಮ್ಮೆ ನನ್ನ ಕಡೆ ನೋಡಿದ್ದರೆ ಬಿಚ್ಚಿಬಿಡುತ್ತಿದ್ದ. ನೋಡಲಿಲ್ಲ.

ತಸ್ನೀಮ್ ನಿಲ್ಲಿಸಿದಳು. ಗುರುಸಿದ್ಧಪ್ಪ ಕುರ್ಚಿಯ ಕೈ ಹಿಡಿದು ಕೂತಿದ್ದ. ಅವನಿಗೆ ಆ ಬೇಸಿಗೆ ಚೆನ್ನಾಗಿ ನೆನಪಿತ್ತು. ಹುಡುಗಿ ಆ ಸಲ ಎಷ್ಟು ಶಾಂತವಾಗಿದ್ದಾಳೆ, ಶಾಲೆ ಒಳ್ಳೆಯ ಶಿಸ್ತು ಕಲಿಸಿದೆ ಎಂದು ಪ್ರೆಸ್ಸಿನಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದ. ಬಿಚ್ಚ್ರಿ ಅದನ್ನ, ಕೂಸು ಸೊರಗಾಕತ್ತೇತಿ ಎಂದು ನೀಲವ್ವ ಎರಡು ಸಲ ಹೇಳಿದ್ದಳು. ಕೈಗೆ ಕಟ್ಟಿದ್ದೇನೆ ಎಂದು ಅವನು ತಿಳಿದಿದ್ದ. ಅವನು ಕಟ್ಟಿದ್ದು ಮಗುವಿನ ಬಾಯಿಯನ್ನು.

"ಕಾಕಾ," ಎಂದಳು ತಸ್ನೀಮ್. "ಈ ಪುಟ ಇಡೋದು ಬಿಡೋದು ನಿಮ್ಮ ಮನಿ ವಿಚಾರ. ನಾ ಏನೂ ಹೇಳಂಗಿಲ್ಲ. ಅಳಿಯಾಗ ಈ ಲಿಪಿ ಬರಂಗಿಲ್ಲ ಅಂದ್ರಿ. ಒಂದು ಪುಟ ಇಲ್ಲಂದ್ರ ಯಾರಿಗೂ ತಿಳಿಯಂಗಿಲ್ಲ."

"ಇರಲಿ ಬಿಡು," ಎಂದ ಅವನು. ಯಾವುದಕ್ಕೆ ಇರಲಿ ಎಂದನೋ ಅವನಿಗೇ ಗೊತ್ತಿರಲಿಲ್ಲ. ಮೂರು ಗಂಟೆಯ ಬಸ್ಸು ತಪ್ಪಿತು.

ಈ ಸಲ ದಾನಿಯನ್ನು ಪರದೆಯ ಮುಂದೆ ಕೂರಿಸಲು ಬಹಳ ಕಷ್ಟವಾಯಿತು. ಅಪ್ಪ ಪುಸಲಾಯಿಸಿ ಕರೆತಂದ. ಬೊಂಬೆಯ ಎಡಗೈ ಎದ್ದಿತು. ದಾನಿ ಉಸಿರು ಬಿಗಿಹಿಡಿದಳು. ಅರ್ಧ ನಿಮಿಷ ಆಗಿರಬೇಕು. ಅವಳು ಎದ್ದು ಹೋಗಿ ಪರದೆಗೆ ಮೂಗು ತಾಗಿಸಿ ನಿಂತಳು, ಹಿಂದೆ ತಿರುಗಿ ಅಪ್ಪನಿಗೆ ಒಂದೇ ಸನ್ನೆ ಮಾಡಿದಳು. ಅದು ಯಾವ ಸನ್ನೆ ಎಂದು ಗುರುಸಿದ್ಧಪ್ಪನಿಗೂ ಗೊತ್ತಾಯಿತು, ಏಕೆಂದರೆ ಈರಣ್ಣ ಮುಖ ಮುಚ್ಚಿಕೊಂಡು ಅಳತೊಡಗಿದ. 

ದಿನಕ್ಕೆ ಒಂದೇ ಪುಟ ಎಂದು ನಿಯಮವಾಯಿತು. ಬೇಗ ಮುಗಿದುಹೋಗುವುದು ಯಾರಿಗೂ ಬೇಡವಾಗಿತ್ತು. ಶಾಲೆಯಿಂದ ಬಂದು ಕೈಕಾಲು ತೊಳೆದುಕೊಂಡು ದಾನಿ ಚಾಪೆಯ ಮೇಲೆ ಹಾಜರು. ಯಂತ್ರ ಹಚ್ಚುವುದು ಅಜ್ಜನ ಕೆಲಸವಾದ್ದರಿಂದ ಅವಳು ಅಜ್ಜನ ಮೊಣಕಾಲಿಗೆ ಬೆನ್ನು ಆನಿಸಿಯೇ ಕೂರುತ್ತಿದ್ದಳು. ಅವ್ವ ಚಪಾತಿ ಲಟ್ಟಿಸುವುದನ್ನು ಹೇಳಿದಳು, ದಾನಿ ಹುಟ್ಟಿದ ದಿನದ ಕಥೆ ಹೇಳಿದಳು, ಸುಳ್ಳು ಹೇಳಿದರೆ ಕಣ್ಣಿನಲ್ಲಿ ಹೇಗೆ ಗೊತ್ತಾಗುತ್ತದೆ ಎಂದು ಹೇಳಿದಳು. ಮಾತಿನ ನಡುವೆ ಬೊಂಬೆ ಒಂದು ಗಳಿಗೆ ಕೈ ಇಳಿಸಿದರೆ ದಾನಿ ಲಗುಬಗೆಯಿಂದ ಅದಕ್ಕೆ ಉತ್ತರ ಕೊಡುತ್ತಿದ್ದಳು. ಬೊಂಬೆ ಅದನ್ನು ಕೇಳಿಸಿಕೊಳ್ಳದೆ ಮುಂದುವರಿಯುತ್ತಿತ್ತು. ಅವಳು ಪ್ರತಿದಿನ ಉತ್ತರ ಕೊಟ್ಟಳು, ಪ್ರತಿದಿನ ಕಾದಳು.

ಊಟದಲ್ಲಿ ಅವನು ಅವಳ ಎಡಗೈ ಮುಟ್ಟುವುದನ್ನು ಬಿಟ್ಟ. ಅವಳು ಮೊದಮೊದಲು ಅನುಮಾನದಿಂದ ನೋಡಿದಳು, ಆಮೇಲೆ ಅದನ್ನೇ ಮರೆತು ಎಡಗೈಯಲ್ಲಿ ಸುರಿದುಕೊಂಡು ತಿಂದಳು. ತಲೆ ಬಾಚುವಾಗ ಹಿಂದಕ್ಕೆ ಒರಗುವಳು, ಶಾಲೆಗೆ ಹೋಗುವಾಗ ಅವನ ಬೆರಳು ಹಿಡಿಯುವಳು. ಎಪ್ಪತ್ತೆರಡು ವರ್ಷದಲ್ಲಿ ಯಾರೂ ತನಗೆ ಇಷ್ಟು ಹತ್ತಿರ ಬಂದದ್ದಿಲ್ಲ ಎಂದು ಅವನಿಗೆ ಅನಿಸುತ್ತಿತ್ತು. ಅದಕ್ಕೇ ಅವನು ಪುಟ ಎಣಿಸುತ್ತಿದ್ದ. ಐವತ್ತು, ಐವತ್ತೈದು, ಐವತ್ತೊಂಬತ್ತು. 

ಅರವತ್ತೊಂದನೆಯ ದಿನ ಈರಣ್ಣ ಮನೆಯಲ್ಲಿರಲಿಲ್ಲ, ಬೇಕರಿಯಲ್ಲಿ ಮದುವೆಯ ಆರ್ಡರು ಇತ್ತು. ದಾನಿ ಬಂದು ಮೊಣಕಾಲಿಗೆ ಆನಿ ಕೂತಳು, ಬೇಗ ಹಚ್ಚು ಎಂದು ಅಜ್ಜನ ತೊಡೆ ತಟ್ಟಿದಳು. ಪರದೆಯ ಮೇಲೆ ಪುಟಗಳ ಸಾಲು. ಅರವತ್ತೆರಡರ ಮೇಲೆ ಬೆರಳಿಟ್ಟರೆ ಮುಗಿಯಿತು. ಹುಡುಗಿಗೆ ಏನೂ ಕಡಿಮೆಯಾಗುವುದಿಲ್ಲ, ಅಜ್ಜ ಅಜ್ಜನಾಗಿಯೇ ಉಳಿಯುತ್ತಾನೆ. ಎಷ್ಟು ವರ್ಷ ಉಳಿದಿದೆ ತನಗೆ? ಅಷ್ಟು ದಿನ ಈ ಬೆನ್ನು ಈ ಮೊಣಕಾಲಿಗೆ ಆನಿಕೊಂಡಿದ್ದರೆ ಯಾರಿಗೆ ಏನು ನಷ್ಟ? ಅವನು ಬೆರಳನ್ನು ಅರವತ್ತೆರಡರ ಹತ್ತಿರ ಒಯ್ದ. ಒಯ್ದವನಿಗೆ, ಮಗಳ ಮಾತನ್ನು ಇನ್ನೊಮ್ಮೆ ಚೀಲದೊಳಗೆ ಹಾಕುತ್ತಿದ್ದೇನೆ ಎಂದು ಹೊಳೆಯಿತು. ಬೆರಳು ಹಿಂದೆ ಬಂತು. ಅವನು ಅರವತ್ತೊಂದನ್ನು ಒತ್ತಿದ.

ಬೊಂಬೆ ಮಾತಾಡಿತು. ದಾನಿ ಮೊದಲು ನಕ್ಕಳು. ಅಜ್ಜನ ಹೆಸರು ಬಂದದ್ದಕ್ಕೆ. ಅವನ ಕಡೆ ತಿರುಗಿ ಬೆರಳು ಮಾಡಿ ತೋರಿಸಿದಳು, ನೀನು, ನೀನು ಎಂದು. ಆಮೇಲೆ ನಗು ನಿಂತಿತು. ಮೊಣಕಾಲಿಗೆ ಆನಿದ್ದ ಬೆನ್ನು ಮೆಲ್ಲಗೆ ನೆಟ್ಟಗಾಯಿತು, ಆ ಜಾಗ ತಣ್ಣಗಾಯಿತು. ಪುಟ ಮುಗಿಯುವ ತನಕ ಅವಳು ಅಲುಗಲಿಲ್ಲ. ಮುಗಿದ ಮೇಲೆ ಎದ್ದು, ಎರಡು ಹೆಜ್ಜೆ ಆಚೆ ಹೋಗಿ, ಅವನ ಕಡೆ ತಿರುಗಿ ನಿಂತಳು. 

ತಲೆ ನೇವರಿಸೋಣ ಎಂದು ಅವನು ಕೈ ಚಾಚಿದ. ಅಷ್ಟೇ ಮಾಡಿದ್ದು. ದಾನಿ ತನ್ನ ಎಡಗೈಯನ್ನು ಸರಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಗುರುಸಿದ್ಧಪ್ಪನ ಕೈ ಅಲ್ಲೇ ನಿಂತಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. ಗಡಿಬಿಡಿಯಲ್ಲಿ ಕಿಸೆಯಿಂದ ಚೀಟಿ ತೆಗೆದ, ಇನ್ನು ಹಿಡಿಯುವುದಿಲ್ಲ ಕೂಸೇ ಎಂದು ದೊಡ್ಡ ಅಕ್ಷರದಲ್ಲಿ ಬರೆದ, ಅವಳ ಕಡೆ ಚಾಚಿದ. ಎಂಟು ವರ್ಷದ ಹುಡುಗಿ, ಓದು ಬರುತ್ತಿತ್ತು. ಆದರೆ ಅವಳು ಚೀಟಿಯ ಕಡೆ ನೋಡಲಿಲ್ಲ. ಅವಳು ಅವನ ಕೈಗಳನ್ನೇ ನೋಡುತ್ತಾ, ಅವು ಏನಾದರೂ ಹೇಳುತ್ತವೆಯೇ ಎಂದು ಕಾಯುತ್ತಾ ನಿಂತಿದ್ದಳು. ಹದಿನಾರು ಸಾವಿರ ಚಿಹ್ನೆಗಳನ್ನು ಒಂದೂ ತಪ್ಪದೆ ಜೋಡಿಸಿದ್ದ ಆ ಕೈಗಳಿಗೆ ಹೇಳಲು ಒಂದು ಮಾತೂ ಬರುತ್ತಿರಲಿಲ್ಲ.